ಚಾದರದ ನವಿಲು

ನಮ್ಮ ಮನೆಯಲ್ಲಿ ಚಿತ್ರಗಳೆಂದರೆ ಎರಡೇ: ಗೋಡೆಯ ಕ್ಯಾಲೆಂಡರಿನ ಸ್ವಾಮಿ ಸಮರ್ಥರು, ಮತ್ತೆ ಅಜ್ಜಿ ಹೊದೆಯುವ ಸೊಲ್ಲಾಪುರ ಚಾದರ. ಅಕ್ಕಲಕೋಟೆಯ ಕನ್ನಡ ಶಾಲೆಯಲ್ಲಿ ಒಂಬತ್ತನೆಯ ತರಗತಿಯಲ್ಲಿರುವ ನಾನು ಈ ವರ್ಷ ಇಂಟರ್‌ಮೀಡಿಯೆಟ್ ಚಿತ್ರಕಲಾ ಪರೀಕ್ಷೆಗೆ ಕೂರಬೇಕು. ಡಿಸೈನ್ ರೂಢಿಯಾಗಲೆಂದು ಚಾದರದ ನವಿಲನ್ನು ಬಿಡಿಸಲು ಕುಳಿತೆ. ಎಷ್ಟು ಅಳಿಸಿ ಬರೆದರೂ ಅದು ಕೋಳಿಯೇ. ಆಮೇಲೆ ಬಟ್ಟೆಗೆ ಮೂಗು ತಾಗುವಷ್ಟು ಬಗ್ಗಿ ನೋಡಿದೆ. ಕೊರಳಲ್ಲಿ ಒಂದೂ ದುಂಡು ಗೆರೆಯಿಲ್ಲ, ಎಲ್ಲ ಸಣ್ಣ ಸಣ್ಣ ಮೆಟ್ಟಿಲು! ಗ್ರಾಫ್ ಹಾಳೆ ತಂದು ಚೌಕ ಚೌಕ ತುಂಬಿದೆ, ನವಿಲು ಬಂತು.

ಮಗ್ಗದಲ್ಲೂ ಹೀಗೇ. ನಕ್ಷೆಯನ್ನು ಗ್ರಾಫಿಗಿಳಿಸಿ, ರಟ್ಟಿನ ಪಟ್ಟಿಗಳಲ್ಲಿ ತೂತು ಹೊಡೆದು, ಸಾಲಾಗಿ ಪೋಣಿಸಿ, ಎಳೆ ಎತ್ತುವ ಯಂತ್ರವಾದ ಜಕಾರ್ಡ್‌ಗೆ ಏರಿಸುತ್ತಾರೆ. ತೂತಿದ್ದಲ್ಲಿ ಹಾಸಿನ ಎಳೆ ಮೇಲೇಳುತ್ತದೆ, ಇಲ್ಲದಲ್ಲಿ ಇಲ್ಲ. ಆ ಸಂದಿನಲ್ಲಿ ಹೊಕ್ಕು ನುಗ್ಗುತ್ತದೆ.

ಚಾದರ ತಿರುವಿದರೆ ಬಣ್ಣ ಅದಲುಬದಲು. ಕೆಂಪು ನೆಲದ ಬಿಳಿ ನವಿಲು ಆಚೆ ಬದಿಯಲ್ಲಿ ಬಿಳಿ ನೆಲದ ಕೆಂಪು ನವಿಲು. ಯಾವುದು ಸರಿಯಾದ ಮಗ್ಗುಲು ಎಂದು ಅಜ್ಜಿಯನ್ನು ಕೇಳಿದೆ.

“ಥಂಡಿ ಹತ್ತಲಿಲ್ಲಂದ್ರ ಎರಡೂ ಸರಿನ ತಮ್ಮಾ.”

ದೊಡ್ಡ ಚಿತ್ರಕಾರರೂ ನಮ್ಮ ಕಡೆ ಹುಟ್ಟಿದ್ದಾರೆ: ನಮ್ಮ ಸೊಲ್ಲಾಪುರ ಜಿಲ್ಲೆಯ ಪಂಢರಪುರದಲ್ಲಿ ಹುಟ್ಟಿದ ಎಂ.ಎಫ್. ಹುಸೇನ್ ಮುಂಬಯಿಯಲ್ಲಿ ಸಿನಿಮಾ ಹೋರ್ಡಿಂಗ್ ಬರೆದು ಹೊಟ್ಟೆ ಹೊರೆದವರು. ಅವರ ಕುದುರೆಗಳನ್ನು ನಾನು ಪುಸ್ತಕದಲ್ಲಷ್ಟೇ ಕಂಡಿದ್ದೇನೆ. ಈ ನವಿಲಾದರೋ ಮೈಮೇಲೇ ಇರುತ್ತದೆ. ಸದ್ಯಕ್ಕೆ ನನಗೆ ಇದೇ ಮೇಲು. ಹುಸೇನರ ಚಿತ್ರದಲ್ಲಿ ಸಹಿ ಇರುತ್ತದೆ. ಚಾದರದ ಅಂಚಿನಲ್ಲಿ ನೇಯ್ದಿರುವುದು ಕಾರ್ಖಾನೆಯ ಹೆಸರು.