ಸಲ್ಲುವ ಕಾಸು, ಸಲ್ಲದ ಮಾತು

ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಮೈಸೂರಿನಲ್ಲಿ ಅಚ್ಚಾದ ತಾಮ್ರದ ನಾಣ್ಯಗಳ ಮೇಲೆ ‘ಮಯಿಲಿ ಕಾಸು’ ಎಂದು ಕನ್ನಡದಲ್ಲಿಯೂ, ಅದರ ಜೊತೆಗೇ ‘ಕ್ಯಾಶ್’ ಎಂದು ಇಂಗ್ಲಿಷ್ ಅಕ್ಷರಗಳಲ್ಲಿಯೂ ಇದೆ. ಇದನ್ನು ಮೂಲ ಮತ್ತು ಅನುವಾದ ಎಂದು ಓದುವವರುಂಟು. ಆದರೆ ಇಲ್ಲಿ ಅನುವಾದವೇ ನಡೆದಿಲ್ಲ. ನಮ್ಮ ತೆಂಕಣ ನಾಡಿನ ‘ಕಾಸು’ ಪೋರ್ಚುಗೀಸರ ನಾಲಗೆಯಲ್ಲಿ ಹೊರಳಿ, ಇಂಗ್ಲಿಷರ ಬಾಯಿಗೆ ಹೋಗಿ ‘ಕ್ಯಾಶ್’ ಆಗಿ, ಮರಳಿ ಬಂದು ತನ್ನ ಹೆತ್ತ ಪದದ ಜೊತೆಯಲ್ಲಿಯೇ ಕುಳಿತಿದೆ. (ನಗದು ಎಂಬ ಅರ್ಥದ ‘ಕ್ಯಾಶ್’ ಬೇರೆ ಮೂಲದ್ದು; ಇಬ್ಬರು ಅಪರಿಚಿತರು ಒಂದೇ ಅಂಗಿ ತೊಟ್ಟಂತೆ.) ಪರದೇಶದಲ್ಲಿ ನೆಲೆಸಿದವನು ಅಲ್ಲಿಯ ಪುಡಿನಾಣ್ಯವನ್ನು ಏನೆಂದು ಕರೆಯುತ್ತಾನೆ ಎಂಬ ಪ್ರಶ್ನೆಯನ್ನು ಎತ್ತಿಕೊಂಡಾಗ ನಮಗೆ ಮೊದಲು ನೆನಪಾದದ್ದು ಈ ಕಾಸು. ಇದು ನಾಣ್ಯಶಾಸ್ತ್ರದವರ ವಿಷಯವಲ್ಲವೇ, ಸಾಹಿತ್ಯಗೋಷ್ಠಿಯ ಸಂಚಿಕೆಯಲ್ಲಿ ಇದಕ್ಕೇನು ಕೆಲಸ ಎಂದು ಕೇಳುವವರಿಗೆ ಮುಂದೆ ಉತ್ತರ ಸಿಕ್ಕೀತು.

ಇಂಗ್ಲಿಷರು ಮದರಾಸಿನಲ್ಲಿ ನಡೆಸುತ್ತಿದ್ದ ಲೆಕ್ಕ ಹೀಗಿತ್ತು: 80 ಕ್ಯಾಶಿಗೆ ಒಂದು ಫನಂ, 42 ಫನಂಗೆ ಒಂದು ಪಗೋಡ. ಪಗೋಡವೆಂದರೆ ನಮ್ಮ ಚಿನ್ನದ ವರಹ. ಫನಂ ಎಂದರೆ ನಮ್ಮ ಹಣ. ಈ ಮೂರು ಹೆಸರುಗಳಲ್ಲಿ ಒಂದು ತಾರತಮ್ಯವಿದೆ. ದೊಡ್ಡ ನಾಣ್ಯಕ್ಕೆ ಬಂದವರು ತಮ್ಮದೇ ಹೆಸರಿಟ್ಟರು. ನಾವು ವರಾಹವನ್ನು ಕಂಡಲ್ಲಿ ಅವರು ಗುಡಿಯನ್ನು ಕಂಡರು. ಸಣ್ಣ ನಾಣ್ಯದ ವಿಷಯದಲ್ಲಿ ಆ ಸ್ವಾತಂತ್ರ್ಯ ಅವರಿಗಿರಲಿಲ್ಲ. ವರಹವನ್ನು ಕೋಠಿಯೊಳಗೆ ಕುಳಿತು ಎಣಿಸಬಹುದು. ಸೊಪ್ಪು ಮಾರುವವಳ ಮುಂದೆ, ದೋಣಿ ನಡೆಸುವವನ ಮುಂದೆ, ಆ ನೆಲದ ಮಾತನ್ನೇ ಆಡಬೇಕು. ಚಿನ್ನಕ್ಕೆ ಗತ್ತಿನ ಹೆಸರು, ತಾಮ್ರಕ್ಕೆ ಸಂತೆಯ ಹೆಸರು.

ಅರಸರೂ ಈ ನಿಯಮವನ್ನು ಮೀರಲಾಗಲಿಲ್ಲ. ನಾವಿರುವ ಈ ಕೊಯಮತ್ತೂರು ಸೀಮೆ 1799ರವರೆಗೆ ಮೈಸೂರಿಗೆ ಸೇರಿತ್ತು. ಟಿಪ್ಪು ಸುಲ್ತಾನನು ತನ್ನ ತಾಮ್ರದ ನಾಣ್ಯಗಳಿಗೆ ಗ್ರಹತಾರೆಗಳ ಹೆಸರಿಟ್ಟಿದ್ದನು. ಪೈಸೆಗೆ ‘ಜೊಹರಾ’, ಅಂದರೆ ಶುಕ್ರ. ಅರ್ಧ ಪೈಸೆಗೆ ‘ಬಹ್ರಾಂ’, ಅಂದರೆ ಮಂಗಳ. ಅಂದವಾದ ಹೆಸರುಗಳು. ಆದರೆ ಇಂದು ಹಳೆಯ ಪೆಟ್ಟಿಗೆಯಿಂದ ಅಂತಹದೊಂದು ಹೊರಬಂದರೆ ಯಾರೂ ಶುಕ್ರನನ್ನು ನೆನೆಯುವುದಿಲ್ಲ, ‘ಆನೆ ಕಾಸು’ ಎನ್ನುತ್ತಾರೆ. ಮೇಲೆ ಆನೆಯ ಚಿತ್ರವಿದೆ, ಅಷ್ಟೇ ಸಾಕು.

ದುಡ್ಡು ಎಂಬ ನಮ್ಮ ಪದವನ್ನೂ ತಮಿಳಿನ ತುಟ್ಟನ್ನೂ ಡಚ್ಚರ ‘ಡ್ಯೂಟ್’ ಎಂಬ ತಾಮ್ರದ ನಾಣ್ಯಕ್ಕೆ ಕಟ್ಟುವ ವಿದ್ವಾಂಸರಿದ್ದಾರೆ. ಸದ್ದಿನ ಹೋಲಿಕೆಯೊಂದನ್ನೇ ನಂಬಿ ನಾವು ಅಷ್ಟು ದೂರ ಹೋಗಲಾರೆವು.

ಎಲ್ಲ ಅಡ್ಡಹೆಸರುಗಳೂ ಒಂದೇ ಮನಸ್ಸಿನಿಂದ ಹುಟ್ಟುವುದಿಲ್ಲ. ಈಜಿಪ್ಟಿನಲ್ಲಿದ್ದ ಬ್ರಿಟಿಷ್ ಸೈನಿಕರು ಅಲ್ಲಿಯ ಚಿಲ್ಲರೆಯನ್ನು ‘ಆಕರ್ಸ್’ ಎಂದು ಕರೆದರು. ಅರಬ್ಬಿಯಲ್ಲಿ ಚಿಲ್ಲರೆಗೆ ‘ಫಕ್ಕ’ ಎನ್ನುತ್ತಾರೆ, ಅದರ ಅಪಭ್ರಂಶವಿದು. ಕಿವಿಗೆ ಬಿದ್ದದ್ದನ್ನು ತಪ್ಪಾಗಿಯಾದರೂ ನುಡಿದ ಹೆಸರು ಎಂಬ ಗೌರವ ಅದಕ್ಕೆ ಸಲ್ಲಬೇಕು. ಇಂಗ್ಲಿಷರು ಜೇಬಿನಲ್ಲಿ ಉಳಿದ ಪುಡಿನಾಣ್ಯಕ್ಕೆ ಹೇಳುವ ‘ಶ್ರಾಪ್ನೆಲ್’ ಎಂಬ ಮಾತು ಬೇರೆ ಜಾತಿಯದು: ಸಿಡಿದ ಗುಂಡಿನ ಚೂರು. ಅದರಲ್ಲಿ ನಾಣ್ಯದ ಮುಖವನ್ನು ನೋಡುವ ವ್ಯವಧಾನವೂ ಇಲ್ಲ. ನಮ್ಮ ಸೂಲೂರಿನ ವಿಮಾನನೆಲೆಯಲ್ಲಿ ಎರಡನೆಯ ಮಹಾಯುದ್ಧದ ಕಾಲಕ್ಕೆ ಬ್ರಿಟಿಷ್ ನೌಕಾಪಡೆಯವರಿದ್ದರು. ಲೋಹ ಉಳಿಸಲೆಂದು ನಡುವೆ ದೊಡ್ಡ ತೂತಿಟ್ಟು 1943ರಿಂದ ಅಚ್ಚುಹಾಕಿದ ಕಾಲಾಣೆ ಅವರ ಕೈಯಲ್ಲಿಯೂ ಓಡಾಡಿರಬೇಕು. ಈ ಸೀಮೆಯ ತಮಿಳರು ಅದನ್ನು ‘ಓಟ್ಟೈ ಕಾಲಣಾ’ ಎಂದರು. ಓಟ್ಟೈ ಎಂದರೆ ತೂತು. ಯುದ್ಧದ ಬಡತನವನ್ನು ಆ ಎರಡು ಪದಗಳು ಹೇಳುವಷ್ಟು ನೇರವಾಗಿ ಹೇಳಿದ ಪದ್ಯಗಳು ಕಡಿಮೆ.

ಇನ್ನು ನಮ್ಮವರ ವಿಷಯ. ಕರಾವಳಿಯ ಕನ್ನಡಿಗರು ಕೊಲ್ಲಿಗೆ ಹೋದಾಗ ಅಲ್ಲಿ ತೀರ ಅಪರಿಚಿತವಾದ ಹಣದ ಲೆಕ್ಕವೇನೂ ಇರಲಿಲ್ಲ. ಆ ಸೀಮೆಗಳಲ್ಲಿ ಬಹುಕಾಲ ಭಾರತದ ರೂಪಾಯಿಯೇ ಓಡುತ್ತಿತ್ತು. 1959ರಲ್ಲಿ ರಿಸರ್ವ್ ಬ್ಯಾಂಕು ಅವರಿಗಾಗಿಯೇ ಪ್ರತ್ಯೇಕ ರೂಪಾಯಿ ನೋಟುಗಳನ್ನು ಹೊರತಂದಿತು. 1966ರ ಜೂನ್ ತಿಂಗಳಲ್ಲಿ ರೂಪಾಯಿಯ ಅಪಮೌಲ್ಯವಾದ ಮೇಲೆ ಅಲ್ಲಿನ ಹಲವು ಆಳರಸರು ಅದನ್ನು ಕೈಬಿಟ್ಟರು. ನಾಣ್ಯ ಹೋಯಿತು, ಹೆಸರು ಹೋಗಲಿಲ್ಲ. ಒಮಾನಿನ ರಿಯಾಲಿನ ಸಾವಿರದ ಒಂದು ಭಾಗಕ್ಕೆ ಇಂದಿಗೂ ‘ಬೈಸಾ’ ಎಂದೇ ಹೆಸರು. ನಮ್ಮ ಪೈಸೆಯೇ ಅದು. 1965ರಲ್ಲಿ ಬಹ್ರೇನ್ ತನ್ನ ದಿನಾರನ್ನು ಹತ್ತು ರೂಪಾಯಿಗೆ ಸಮವೆಂದು ನಿಗದಿಪಡಿಸಿತು; ಹಾಗಾಗಿ 100 ಫಿಲ್ಸ್ ಜನರ ಬಾಯಲ್ಲಿ ‘ರುಬಿಯ’ ಆಗಿ ಉಳಿಯಿತು. ದುಬೈಯಲ್ಲಿ ದುಡಿಯುವ ನಮ್ಮವರು ಫಿಲ್ಸನ್ನು ಪೈಸೆ ಎನ್ನುತ್ತಾರೆ, 25 ಫಿಲ್ಸನ್ನು ನಾಲ್ಕಾಣೆ ಎನ್ನುತ್ತಾರೆ. ಭಾರತದಲ್ಲಿ ಆಣೆಯ ಲೆಕ್ಕ 1957ರಲ್ಲಿಯೇ ಮುಗಿಯಿತು. 25 ಪೈಸೆಯ ನಾಣ್ಯವೂ 2011ರ ಜೂನ್ 30ರಿಂದ ಸಲ್ಲದಾಯಿತು. ಊರಿನಲ್ಲಿ ಸತ್ತ ನಾಲ್ಕಾಣೆ ಮರಳುಗಾಡಿನ ಅಂಗಡಿಯಲ್ಲಿ ಉಸಿರಾಡುತ್ತಿದೆ.

ಇದನ್ನು ಊರಿನ ಹಂಬಲ ಎಂದು ಬಣ್ಣಿಸುವುದು ಸುಲಭ. ನಮಗೆ ಹಾಗೆ ತೋರುವುದಿಲ್ಲ. ಹಂಬಲಿಸುವವನು ಊರಿನ ಹೊಳೆಯನ್ನು, ಜಾತ್ರೆಯನ್ನು ನೆನೆಯುತ್ತಾನೆ, ನಾಲ್ಕಾಣೆಯನ್ನಲ್ಲ. ಕೈಯಲ್ಲಿರುವ ಪರನಾಣ್ಯವನ್ನು ತನ್ನ ಮನೆಯ ಲೆಕ್ಕಕ್ಕೆ ಎಳೆದುಕೊಳ್ಳುವ ಕೆಲಸವಿದು, ಬದುಕುವ ಬಗೆ. ಅಂದಹಾಗೆ, ಕನ್ನಡ ಶಾಸನಗಳಲ್ಲಿ ಕಾಣುವ ‘ದ್ರಮ್ಮ’ವೂ ಅರಬರ ‘ದಿರ್ಹಂ’ ಕೂಡ ಗ್ರೀಕರ ಒಂದೇ ನಾಣ್ಯದ ಮೊಮ್ಮಕ್ಕಳು. ಸಂಬಳ ಎಣಿಸುವವರಿಗೆ ಇದು ತಿಳಿದಿರಬೇಕೆಂದೇನೂ ಇಲ್ಲ.

ವಿಮರ್ಶೆಯ ಮಾತಿಗೆ ಬರೋಣ. ಹೊರನಾಡಿನ ಬದುಕನ್ನು ಕುರಿತ ನಮ್ಮ ಕಥೆ ಕಾದಂಬರಿಗಳಲ್ಲಿ, ನಾವು ಓದಿದ ಮಟ್ಟಿಗೆ, ಡಾಲರು ಎದ್ದು ಕಾಣುತ್ತದೆ. ಸುಧಾ ಮೂರ್ತಿಯವರ ‘ಡಾಲರ್ ಸೊಸೆ’ಯಲ್ಲಿ ಅದು ಶೀರ್ಷಿಕೆಗೇ ಏರಿದೆ. ಅಲ್ಲಿ ಅದಕ್ಕೆ ಕಾರಣವೂ ಇದೆ. ಡಾಲರು ಮನೆಯೊಳಗಿನ ಅಂತಸ್ತನ್ನು ಅಳೆಯುವ ಕೋಲು. ನಮ್ಮ ಆಕ್ಷೇಪ ಆ ಕೃತಿಯ ಮೇಲಲ್ಲ, ಅದರ ಹಿಂದೆ ಮುಂದೆ ಸಾಲುಗಟ್ಟಿದ ಬರಹಗಳ ಮೇಲೆ. ಅವುಗಳಲ್ಲಿ ಯಾರೂ ಚಿಲ್ಲರೆ ಎಣಿಸುವುದಿಲ್ಲ. ಬಸ್ಸಿನಲ್ಲಿ ಯಾವ ನಾಣ್ಯ ಕೊಡಬೇಕೆಂದು ತಿಳಿಯದೆ ಅಂಗೈ ಚಾಚಿ ನಿಂತ ಹೊಸಬನು ಇಲ್ಲ. ದೊಡ್ಡ ನೋಟಿನ ಸಾಹಿತ್ಯವಿದು: ಹೆಮ್ಮೆ, ಪಶ್ಚಾತ್ತಾಪ, ಎರಡೇ ಬೆಲೆ. ತಮಿಳರನ್ನು ನೋಡಿ. ಮಲಯಾ, ಸಿಂಗಪುರಗಳಿಗೆ ಹೋದವರು ಅಲ್ಲಿಯ ಡಾಲರನ್ನು ‘ವೆಳ್ಳಿ’ ಎಂದರು, ನಮ್ಮ ಬೆಳ್ಳಿಯೇ. ಅದು ಇಂದು ಅಲ್ಲಿಯ ತಮಿಳು ಪತ್ರಿಕೆಗಳ ಸಹಜ ಪದ. ಅಡ್ಡಹೆಸರು ಅಚ್ಚಿನ ಮಾತಾಗಲು ಯಾರೋ ಅದನ್ನು ಬರೆಯುವ ಧೈರ್ಯ ಮಾಡಿರಬೇಕು.

ನಮ್ಮ ಸಂಘದಲ್ಲಿ ಆ ಧೈರ್ಯ ಇದೆಯೇ? ಸೂಲೂರು, ತಿರುಪ್ಪೂರುಗಳ ಕನ್ನಡ ಮನೆಗಳಿಗೆ ಹಣದ ಮಾತು ಬಂದದ್ದು ಸಂತೆಯಿಂದ. ಮಗ್ಗದ ಮನೆಗಳಲ್ಲಿ ‘ಸಲ್ಲಿಕಾಸು’ ಎನ್ನುತ್ತೇವೆ. ತಮಿಳಿನ ಸಲ್ಲಿ ಅದು, ಸಮುದ್ರ ದಾಟಿ ಸಿಂಹಳಕ್ಕೆ ಹೋಗಿ ಹಣಕ್ಕೇ ಹೆಸರಾದ ಪದ. ‘ಸೆಲ್ಲಾಕಾಸು’ ಎನ್ನುತ್ತೇವೆ, ಅದಂತೂ ನಮ್ಮ ‘ಸಲ್ಲದ ಕಾಸು’. ಸೆಲ್ಲು, ಸಲ್ಲು ಎರಡೂ ಒಂದೇ ಬೇರಿನವು. ಬಸವಣ್ಣನವರು ಲೋಕವನ್ನು ನಾಣ್ಯದ ಕಮ್ಮಟಕ್ಕೆ ಹೋಲಿಸಿ ಇಲ್ಲಿಯ ಸಲ್ಲುವಿಕೆಯನ್ನೂ ಅಲ್ಲಿಯ ಸಲ್ಲುವಿಕೆಯನ್ನೂ ಕೂಡಿಸಿದರು. ವಲಸೆಯವರ ಅನುಭವ ಅಷ್ಟು ಸರಳವಲ್ಲ. ನಮ್ಮ ಮನೆಯ ಹುಡುಗಿಯೊಬ್ಬಳು ಬೆಂಗಳೂರಿನಲ್ಲಿ ದೊಡ್ಡಮ್ಮನ ಮನೆಗೆ ಹೋಗಿದ್ದಾಗ ‘ನನ್ನ ಹತ್ತಿರ ಸಲ್ಲಿಕಾಸೂ ಇಲ್ಲ’ ಎಂದಳು. ಕೂತವರೆಲ್ಲ ನಕ್ಕರು. ಇದು ಕನ್ನಡವೇ ಎಂದು ಒಬ್ಬರು ಕೇಳಿದರು. ಆ ಬೇಸಿಗೆಯ ಉಳಿದ ದಿನಗಳಲ್ಲಿ ಅವಳು ಅಲ್ಲಿ ಇಂಗ್ಲಿಷಿನಲ್ಲಿಯೇ ಮಾತಾಡಿದಳಂತೆ.

ನಕ್ಕವರನ್ನು ದೂರುವ ಮುನ್ನ ನಮ್ಮದೊಂದು ತಪ್ಪನ್ನು ಒಪ್ಪಿಕೊಳ್ಳಬೇಕು. ಹಿಂದಿನ ಸಂಚಿಕೆಯೊಂದಕ್ಕೆ ಬಂದ ನೇಕಾರ ಹಿರಿಯರೊಬ್ಬರ ನೆನಪಿನ ಬರಹದಲ್ಲಿ ‘ಸಲ್ಲಿ’ ಎಂಬುದನ್ನು ಹೊಡೆದು ‘ಪುಡಿಗಾಸು’ ಎಂದು ತಿದ್ದಿದವರು ನಾವೇ. ಶುದ್ಧ ಕನ್ನಡ ಬೇಕೆಂಬ ಆಸೆಯಿಂದ ಮಾಡಿದ್ದು. ಅಚ್ಚಾದ ಪ್ರತಿಯನ್ನು ಕೈಗಿಟ್ಟಾಗ ಆ ಹಿರಿಯರು ಓದಿ, ‘ಚೆನ್ನಾಗಿದೆ, ಬರೆದವರು ಯಾರು?’ ಎಂದು ಕೇಳಿದರು.

ಈ ವರ್ಷ ಅವರು ಮತ್ತೆ ಬರೆದುಕೊಟ್ಟಿದ್ದಾರೆ. ಮಗ್ಗದ ಕೂಲಿಯ ಲೆಕ್ಕ, ವಾರದ ಸಂತೆ, ಓಟ್ಟೈ ಕಾಲಣಾ ಎಲ್ಲವೂ ಅದರಲ್ಲಿವೆ. ಸಲ್ಲಿ ಎಂಬ ಪದ ಅವರು ಬರೆದ ಕಡೆಗಳಲ್ಲೆಲ್ಲ ಹಾಗೆಯೇ ಇದೆ. ಕೆಳಗೆ ಅರ್ಥವನ್ನು ಕೊಟ್ಟಿಲ್ಲ.