ಬಂಡೆಯನ್ನು ನಂಬಿದ ಕೋಟೆ
ಕಳವಾರದ ಬೆನ್ನಿಗಿರುವ ಸ್ಕಂದಗಿರಿ ಹತ್ತಿದರೆ ಪಾಳುಬಿದ್ದ ಕೋಟೆಗೋಡೆ, ಎದುರಿಗೆ ನಂದಿದುರ್ಗ. ಎರಡೂ ಕಡೆ ಕಲ್ಲು ಬೆಟ್ಟದ್ದೇ. ಆದರೆ ನಂದಿಯ ಕೋಟೆ ಕಟ್ಟಿದವರ ಜಾಣತನಕ್ಕೆ ನಾನು ಸೋತಿದ್ದೇನೆ. ಕಡಿದಾದ ಬಂಡೆ ಇರುವಲ್ಲಿ ಬೆಟ್ಟವನ್ನೇ ನಂಬಿದರು. ಹತ್ತಲು ಸಾಧ್ಯವಿದ್ದ ಬದಿಯಲ್ಲಿ ಎರಡು ಸುತ್ತು ಗೋಡೆ ಎಬ್ಬಿಸಿದರು. ಎಲ್ಲಿ ಕಟ್ಟಬಾರದೆಂದು ತಿಳಿಯುವುದೂ ದೊಡ್ಡ ವಿದ್ಯೆಯೇ!

1791ರಲ್ಲಿ ಬ್ರಿಟಿಷ್ ದಂಡನಾಯಕ ಕಾರ್ನ್‌ವಾಲಿಸನ ಸೇನೆ ನಂದಿಗೆ ಮುತ್ತಿಗೆ ಹಾಕಿದಾಗ, ಆ ಇಳಿಜಾರಿನಲ್ಲಿ ದಾರಿ ಮಾಡಿ ಫಿರಂಗಿ ಮೇಲೆಳೆಯುವುದೇ ದೊಡ್ಡ ಪಾಡಾಯಿತು. ಮುತ್ತಿಗೆ ಸುಮಾರು ಮೂರು ವಾರ ಹಿಡಿಯಿತು. ಗೋಡೆ ಒಡೆದ ಮೇಲೆ, ಅಕ್ಟೋಬರ್ 19ರ ನಸುಕಿಗೆ ಮುನ್ನ ಬೆಳದಿಂಗಳಲ್ಲಿ ನುಗ್ಗಿದರು. ಟಿಪ್ಪುವಿನ ಕಾವಲಿನವರು ಗುಂಡಿಗಿಂತ ಹೆಚ್ಚಾಗಿ ಉರುಳಿಸಿದ ಬಂಡೆಗಳಿಂದಲೇ ಅವರನ್ನು ಘಾಸಿಗೊಳಿಸಿದರು. ಕೋಟೆ ಬಿತ್ತು, ನಿಜ. ಗೋಡೆ ಸೋತ ಮೇಲೂ ಬೆಟ್ಟ ಕಾದಾಡಿತ್ತು.