ಕನ್ನಡದ ಹದಿನೈದು ಶೇಕಡಾ

ಕನ್ನಡ ವಿಕಿಪೀಡಿಯದ ಕೊಂಡಿಯನ್ನು ನಕಲಿಸಿ ಯಾರಿಗಾದರೂ ಕಳಿಸಿದ್ದರೆ ನಿಮಗೂ ಗೊತ್ತಿರುತ್ತದೆ. ಬ್ರೌಸರ್‌ನಲ್ಲಿ ಮುದ್ದಾಗಿ ‘ಕನ್ನಡ’ ಎಂದಿದ್ದದ್ದು, ಅಂಟಿಸಿದೊಡನೆ ಶೇಕಡಾ ಚಿಹ್ನೆಗಳ ಸಾಲಾಗಿ ಚೆಲ್ಲಿಕೊಳ್ಳುತ್ತದೆ. ಎಣಿಸಿದರೆ 15 ಶೇಕಡಾ ಚಿಹ್ನೆ, ಒಟ್ಟು 45 ಅಕ್ಷರ. ನಮಗೆ ಮೂರಕ್ಷರವಾದ ಪದ ಯೂನಿಕೋಡ್‌ಗೆ ಐದು ಸಂಕೇತ: ಒತ್ತಕ್ಷರ ಬಿಡಿಸಿದರೆ ಎರಡು ‘ನ’, ನಡುವೆ ಒಂದು ವಿರಾಮ. ಯುಟಿಎಫ್-8ರಲ್ಲಿ ಒಂದೊಂದಕ್ಕೂ ಮೂರು ಬೈಟ್, ವಿಳಾಸದಲ್ಲಿ ಒಂದೊಂದು ಬೈಟಿಗೂ ಮೂರು ಅಕ್ಷರ. ಇಂಗ್ಲಿಷ್ ಲಿಪಿಯಲ್ಲಿ ಬರೆದಿದ್ದರೆ ಏಳಕ್ಕೇ ಮುಗಿಯುತ್ತಿತ್ತು. 2005ರ ಆರ್‌ಎಫ್‌ಸಿ 3986 ಎಂಬ ಮಾನದಂಡ ವಿಳಾಸದಲ್ಲಿ ಯಾವ ವೇಷವೂ ಬೇಡವೆಂದು ಬಿಟ್ಟಿರುವುದು 66 ಚಿಹ್ನೆಗಳನ್ನು ಮಾತ್ರ. ನಮ್ಮ ವರ್ಣಮಾಲೆಯ ಒಂದೂ ಅದರಲ್ಲಿಲ್ಲ.

ಈ ವೇಷ ಹಾಕುವ, ಕಳಚುವ ಲೈಬ್ರರಿಗಳಲ್ಲಿ ನನಗೆ ಹಿಡಿಸಿದ್ದು ಪೈಥಾನ್‌ನ ಯುಆರ್‌ಎಲ್‌ಲಿಬ್. ಅದರಲ್ಲಿ ವೇಷ ಹಾಕುವ ‘ಕೋಟ್’ ಮುಟ್ಟುವುದಕ್ಕಿಂತ ಮುಟ್ಟದೆ ಬಿಡುವುದರಲ್ಲಿ ಜಾಣ. ಸ್ಲ್ಯಾಶ್ ಕಂಡರೆ, ದಾರಿಯ ಗುರುತಿರಬೇಕು ಎಂದುಕೊಂಡು ಹಾಗೇ ಬಿಡುತ್ತದೆ. ಆದರೆ ‘ಕಡತ 12/25’ ಎಂಬಲ್ಲಿ ಸ್ಲ್ಯಾಶ್ ದಾರಿಯಲ್ಲ, ಹೆಸರಿನದೇ ಭಾಗ. ಅಂಥ ಕಡೆ, ಮುಟ್ಟಬಾರದ ಚಿಹ್ನೆಗಳ ‘ಸೇಫ್’ ಪಟ್ಟಿಯನ್ನು ಖಾಲಿ ಮಾಡಿ ಕೊಡಬೇಕು. ಇದರ ತಮ್ಮ ‘ಕೋಟ್ ಪ್ಲಸ್’ ಫಾರ್ಮುಗಳ ಹಳೇ ಸಂಪ್ರದಾಯದವನು, ಖಾಲಿ ಜಾಗಕ್ಕೆ %20 ಬದಲು ಕೂಡುವ ಚಿಹ್ನೆ ಇಡುತ್ತಾನೆ. ಅವನು ಕಟ್ಟಿದ ಗಂಟನ್ನು ಅಣ್ಣನ ಜೋಡಿ ‘ಅನ್‌ಕೋಟ್’ ಬಿಚ್ಚಿದರೆ ಸಿಗುವುದು ‘ಮೈಸೂರು+ಪಾಕ್’.

ನಾನೇ ಒಮ್ಮೆ ಪುಸ್ತಕದ ಪಟ್ಟಿಯೊಂದಕ್ಕೆ ಹುಡುಕುವ ಸೌಲಭ್ಯ ಬರೆದು, ಕೋಟ್ ಮಾಡಿದ ಪದವನ್ನು ಮತ್ತೆ ಕೋಟ್ ಮಾಡಿಬಿಟ್ಟಿದ್ದೆ. ಶೇಕಡಾ ಚಿಹ್ನೆಯೇ %25 ಆಗುವುದರಿಂದ, %20 ಇದ್ದದ್ದು %2520 ಆಯಿತು. ಕನ್ನಡ ಹೆಸರಿನ ಒಂದು ಪುಸ್ತಕವೂ ಸಿಗಲಿಲ್ಲ, ಇಂಗ್ಲಿಷಿನ ಒಂಟಿ ಪದಗಳೆಲ್ಲ ಸಿಕ್ಕವು. ಹಾಗಾಗಿ ಪರೀಕ್ಷೆ ಮಾಡುವಾಗ ನನಗೇನೂ ತಿಳಿಯಲಿಲ್ಲ; ನಾನು ಟೈಪಿಸಿ ನೋಡಿದ್ದೆಲ್ಲ ಅಂಥವೇ.

ಒಂದೇ ಕಡೆ ಈ ಲೈಬ್ರರಿಯ ಮೇಲೆ ನನಗೆ ತಕರಾರು. ಕೊಂಡಿ ನಡುವೆ ತುಂಡಾಗಿ, ಮೂರು ಬೈಟಿನ ಅಕ್ಷರ ಎರಡೇ ಬೈಟಾಗಿ ಬಂತೆನ್ನಿ. ಅನ್‌ಕೋಟ್ ಸದ್ದಿಲ್ಲದೆ ಅಲ್ಲೊಂದು ಪ್ರಶ್ನಾರ್ಥಕ ಚೌಕುಳಿ ಇಟ್ಟು ಮುಂದೆ ಹೋಗುತ್ತದೆ. ‘ಸ್ಟ್ರಿಕ್ಟ್’ ಎಂದು ನಾವೇ ಹೇಳಿದರಷ್ಟೇ ತಡೆಯುತ್ತದೆ. ಜಾವಾಸ್ಕ್ರಿಪ್ಟ್‌ನದು ಹಾಗಲ್ಲ, ಅರ್ಧ ಅಕ್ಷರ ಕೊಟ್ಟರೆ ದೋಷ ಎಂದು ಕೂಗಿ ಕೆಲಸ ನಿಲ್ಲಿಸುತ್ತದೆ. ನನಗೆ ಆ ಜಗಳಗಂಟತನವೇ ಇಷ್ಟ.